ಜೀಪಿನಲ್ಲಿ ಮನೆಗೆ

ಮಾರ್ಚ್ ೧೨, ಗುರುವಾರ

ಪ್ರೀತಿಯ ಮೆಣಸಿನಕಾಯಿ,

ಅಕ್ಕನ ಆಶೀರ್ವಾದಗಳು. ನೀನು ಪೊಲೀಸ್ ಕೆಲಸಕ್ಕೆ ಸೇರಿದ ಸುದ್ದಿ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಅದಕ್ಕೂ ನಗಬೇಡ.

ನಿನ್ನ ಇಲಾಖೆಯವರ ಬಾಗಿಲಿಗೆ ನಾನೂ ಹೋಗಿದ್ದೆ ಕಣೇ. ನಿನ್ನ ಭಾವನ ಕೈ ಚುರುಕು. ಎಂಜಿನ್ ಮೇಲೂ ಚುರುಕು, ನನ್ನ ಮೇಲೂ ಚುರುಕು. ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಹೋದ ವಾರ ಸ್ಪ್ಯಾನರ್ ಹಿಡಿದು ಬಂದರು. ಹಿತ್ತಲ ಬಾಗಿಲಿನಿಂದ ಓಡಿ, ಹೊಲದ ದಾರಿ ಹಿಡಿದು ಠಾಣೆ ಸೇರಿದೆ.

ಠಾಣೆಯೆಂದರೆ ಎರಡು ಕೋಣೆ, ಒಂದು ಬೆಂಚು, ಅಂಗಳದಲ್ಲಿ ಒಂದೇ ಒಂದು ಹಳೇ ಜೀಪು. ಸುತ್ತಲ ಹಳ್ಳಿಗಳಿಗೆಲ್ಲ ಮೆಕ್ಯಾನಿಕ್ ಅಂತ ಇರುವುದು ನಿನ್ನ ಭಾವ ಒಬ್ಬರೇ. ಅವರು ಕೈಯಿಟ್ಟರೆ ಮಾತ್ರ ಆ ಜೀಪು ಅಲ್ಲಾಡುವುದು. ಸಾಹೇಬರು ನನ್ನ ಮಾತನ್ನು ಪೂರ್ತಿ ಕೇಳಿದರು, ಸುಳ್ಳು ಹೇಳಬಾರದು. ಕೇಳಿ ಹಣೆ ಉಜ್ಜಿಕೊಂಡರು.

"ನೋಡಮ್ಮ, ಅವನನ್ನ ಒಳಗೆ ಹಾಕಿದ್ರೆ ನಾಳೆ ನಮ್ಮ ಗಾಡಿ ಯಾರು ನೋಡ್ತಾರೆ? ನಾನು ಬುದ್ಧಿ ಹೇಳ್ತೀನಿ, ಬಿಡು."

ಕರೆಸಿದರು. ಇವರು ಬಂದು ಹಸುವಿನಂತೆ ನಿಂತರು. "ತಪ್ಪಾಯ್ತು ಸಾರ್, ಇನ್ಮೇಲೆ ಕೈ ಎತ್ತಲ್ಲ" ಎಂದರು. ಸಾಹೇಬರು ಬುದ್ಧಿ ಹೇಳಿ ಟೀ ತರಿಸಿದರು. ನನಗೂ ಒಂದು ಲೋಟ ಬಂತು. ದೂರು ಬರೆದುಕೊಳ್ಳುವ ಮಾತೇ ಬರಲಿಲ್ಲ.

ಆಮೇಲಿನ ತಮಾಷೆ ಕೇಳು. ಅವತ್ತು ಡ್ರೈವರ್ ರಜೆ. "ಕತ್ತಲಾಗ್ತಿದೆ, ಹೆಣ್ಣುಮಗಳು ನಡ್ಕೊಂಡು ಹೋಗೋದು ಬೇಡ. ನೀನೇ ಜೀಪಲ್ಲಿ ಕರ್ಕೊಂಡು ಹೋಗಯ್ಯ, ಬ್ರೇಕೂ ನೋಡಿದಂಗಾಗುತ್ತೆ" ಎಂದು ಸಾಹೇಬರು ಇವರ ಕೈಗೇ ಕೀಲಿ ಕೊಟ್ಟರು. ನಿನ್ನ ವಯಸ್ಸಿನ ಕಾನ್‌ಸ್ಟೆಬಲ್ ಹುಡುಗಿಯೊಬ್ಬಳು ನನಗೆ ಜೀಪಿನ ಬಾಗಿಲು ತೆಗೆದು, "ಎಲ್ಲ ಸರಿಹೋಯ್ತಲ್ವಾ ಅಕ್ಕ?" ಎಂದಳು. ನಾನು ತಲೆಯಾಡಿಸಿದೆ. ನನ್ನನ್ನು ಪೊಲೀಸರೇ ಮನೆ ಮುಟ್ಟಿಸಿದರೆಂದು ಬೀದಿಯವರೆಲ್ಲ ಅಂದುಕೊಂಡರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೂಟು ಕಚ್ಚಿದರೆ ಎಣ್ಣೆ ಹಚ್ಚು. ಕೆಲಸದಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡು ನೂರು ವರ್ಷ ಬಾಳು.

ನಿನ್ನ
ಅಕ್ಕ

ಬರೆಯದೆ ಬಿಟ್ಟದ್ದು: ಇದನ್ನು ಪಟ್ಟಣದ ಆಸ್ಪತ್ರೆಯಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮುರಿದದ್ದು ಠಾಣೆಗೆ ಹೋಗುವ ಮುಂಚೆ ಅಲ್ಲ, ಜೀಪು ಮನೆ ಮುಂದೆ ನಿಂತ ಮೇಲೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳು ಕೇಳುವಾಗ ಇವರು ಸ್ಟೀರಿಂಗ್ ಹಿಡಿದು ಪಕ್ಕದಲ್ಲೇ ಕೂತಿದ್ದರು. ನಾಳೆ ನಿನ್ನ ಮುಂದೆಯೂ ಒಬ್ಬಳು ಹೀಗೇ ತಲೆಯಾಡಿಸುತ್ತಾಳೆ. ನಂಬಬೇಡ, ಅವಳೊಬ್ಬಳನ್ನೇ ಕರೆದು ಕೇಳು. ಮುಂದಿನ ವಾರ ನನ್ನನ್ನು ಇಲ್ಲಿಂದ ಬಿಡುತ್ತಾರೆ. ಕರೆದುಕೊಂಡು ಹೋಗಲು ಇವರೇ ಬರುತ್ತಾರಂತೆ, ಸಾಹೇಬರು ಜೀಪು ಕೊಡುತ್ತಾರಂತೆ. ಅಷ್ಟರೊಳಗೆ ನೀನು ಬಾ.