ಸೈಕಲ್ಲಿಗೆ ಅಡ್ಡ ಕಟ್ಟಿದ ಕಬ್ಬು

ತಾಲ್ಲೂಕಿನ ರಸ್ತೆ ಸುರಕ್ಷತೆಯ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ಸಿಬ್ಬಂದಿಯೊಬ್ಬರು ನನ್ನ ಸೈಕಲ್ಲಿನಿಂದ ಬಿಚ್ಚಿಸಿಕೊಂಡ ಕಬ್ಬಿನ ಜಲ್ಲೆಯ ಕುರಿತು ಈ ಪತ್ರ. ಅದನ್ನು ಹಿಂದಿರುಗಿಸಿ ಎಂದು ಕೇಳುತ್ತಿಲ್ಲ. ಅವರು ಅಲ್ಲೇ ಸಿಗಿದು ತಿಂದರು.

ಜುಗೂಳದಿಂದ ಶಿರಗುಪ್ಪಿಯ ಶಾಲೆಯೊಂದಕ್ಕೆ ಹನ್ನೆರಡು ವರ್ಷಗಳಿಂದ ಸೈಕಲ್ಲಿನಲ್ಲಿ ಹೋಗುವ ಗುಮಾಸ್ತ ನಾನು. ರಸ್ತೆ ನುಣುಪಾದ ಮೇಲೆ ಕಾರುಗಳು ನನ್ನ ಮೊಣಕೈಗೆ ಕನ್ನಡಿ ಸವರಿಕೊಂಡು ಹೋಗತೊಡಗಿದವು. ಎಡಕ್ಕೆ ಸರಿಯೋಣವೆಂದರೆ ಡಾಂಬರಿನ ಅಂಚು ಉದ್ದಕ್ಕೂ ಗೇಣಾಳ ಕಡಿದುಬಿದ್ದಿದೆ. ನಿಮ್ಮ ಕಚೇರಿಗೆ ಎರಡು ಅರ್ಜಿ ಕೊಟ್ಟೆ. ‘ಸೈಕಲ್ ಸವಾರರು ರಸ್ತೆಯ ಅಂಚಿನಲ್ಲೇ ಚಲಿಸತಕ್ಕದ್ದು’ ಎಂಬ ಉತ್ತರ ಬಂತು. ಯಾವ ಅಂಚು, ಮಾನ್ಯರೇ? ಇದ್ದರೆ ತೋರಿಸುವಿರಾ?

ಕಬ್ಬಿನ ಟ್ರಾಲಿಯಿಂದ ಹೊರಚಾಚಿದ ಜಲ್ಲೆಗಳಿಗೆ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಕಂಡ ಕಾರು ತಾನಾಗಿ ದೂರ ಸರಿಯುತ್ತದೆ. ನಾನೂ ಕ್ಯಾರಿಯರಿಗೆ ಒಂದು ಜಲ್ಲೆ ಅಡ್ಡ ಕಟ್ಟಿ, ಬಲಕ್ಕೆ ಒಂದೂವರೆ ಅಡಿ ಚಾಚಿಸಿ, ತುದಿಗೆ ಕೆಂಪು ಚಿಂದಿ ಸುತ್ತಿದೆ. ಆಮೇಲೆ ಒಂದು ಕಾರೂ ಹತ್ತಿರ ಸುಳಿಯಲಿಲ್ಲ. ನನ್ನ ಮೂಳೆಗಳ ಬಗ್ಗೆ ಇಲ್ಲದ ಕಾಳಜಿ ಕಾರಿನವರಿಗೆ ತಮ್ಮ ಗಾಡಿಯ ಬಣ್ಣದ ಬಗ್ಗೆ ಇತ್ತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ, ನಮ್ಮೂರಿನವಳೇ ಆದ ಶೇವಂತಾ ತನ್ನ ಸೈಕಲ್ಲಿಗೂ ಹಾಗೆಯೇ ಕಟ್ಟಿಕೊಂಡಳು.

ಹದಿನೈದು ದಿನಕ್ಕೆ ನಿಮ್ಮವರು ನನ್ನನ್ನು ತಡೆದರು.

“ಏನ್ರಿ ಕಾಕಾ, ಕಬ್ಬ ಅಡ್ಡ ಕಟ್ಟೀರಿ? ಯಾರದರ ಕಾರಿಗೆ ಗೀರು ಬಿದ್ರ?”

“ಬೀಳಬಾರ್ದಂತನ ಅವ್ರು ದೂರ ಹೊಕ್ಕಾರ್ರಿ.”

“ಹಂಗೆಲ್ಲಾ ನಡ್ಯಾಂಗಿಲ್ಲ. ಬಿಚ್ರಿ.” ಬಿಚ್ಚಿಕೊಟ್ಟೆ. ಒಂದು ತುಂಡು ಸಿಗಿದು ಬಾಯಿಗಿಟ್ಟು, “ಕಬ್ಬ ಮಾತ್ರ ಭಾಳ ಸಿಹಿ ಐತಿ ಬಿಡ್ರಿ” ಎಂದರು. ಅಷ್ಟರಲ್ಲಿ ಎರಡೂ ಬದಿಗೆ ಕಬ್ಬು ಚಾಚಿಕೊಂಡ ಟ್ರ್ಯಾಕ್ಟರೊಂದು ಬಂತು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಿಯಮವೆಂದರೆ ನಿಯಮ ಎಂದುಕೊಳ್ಳುವವನು ನಾನು. ಅಂದೇ ಶೇವಂತಾಗೆ, “ನಿಂದೂ ಬಿಚ್ಚವಾ, ಕಾನೂನಿನಾಗ ಬರೂದಿಲ್ಲಂತ” ಎಂದೆ.

“ನೀವು ಓದಿದವ್ರು. ನೀವ ಅಂದ ಮ್ಯಾಲ ಆತು ಬಿಡ್ರಿ.”

ನಾಲ್ಕನೆಯ ದಿನ ಕಾರೊಂದರ ಕನ್ನಡಿ ಬಡಿದು ಅವಳು ಸೈಕಲ್ ಸಮೇತ ಅಂಚಿನಿಂದ ಕೆಳಗೆ ಬಿದ್ದಳು. ಬಲಗೈ ಮುರಿಯಿತು. ಹಿಂದೆಯೇ ಬರುತ್ತಿದ್ದ ನಾನು ಕಂಡದ್ದಿಷ್ಟು: ಕಾರಿನವನು ಇಳಿದು, ಮೊದಲು ಕನ್ನಡಿಯನ್ನು ಮುಟ್ಟಿ ನೋಡಿದ.

ಮೊನ್ನೆ ಮಾತಾಡಿಸಲು ಹೋಗಿದ್ದೆ. ಅವಳು ನನ್ನನ್ನು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. “ಸೋಮಾರ ಪ್ಲಾಸ್ಟರ್ ಬಿಚ್ತಾರ್ರಿ ಸರ. ಮರುದಿನಾನ ಬರ್ತೀನಿ. ಬಸ್ಸು ಒಂಬತ್ತಕ್ಕ ಐತಿ, ಒಲಿ ಎಂಟಕ್ಕ ಹಚ್ಚಬೇಕು” ಎಂದಳು. ಆಮೇಲೆ ಕೇಳಿದಳು: “ಕಬ್ಬ ಕಟ್ಟಲ್ಯೋ, ಬ್ಯಾಡೋ? ನೀವ ಹೇಳ್ರಿ.”

ಚಹಾ ಕುಡಿದು ಎದ್ದು ಬಂದೆ.

ಮಾನ್ಯರೇ, ರಸ್ತೆಯ ಅಂಚನ್ನು ಕಟ್ಟಿಸಿಕೊಡಿ. ಅದಾಗದಿದ್ದರೆ ಆ ಒಂದೂವರೆ ಅಡಿಗೆ ಲಿಖಿತ ಒಪ್ಪಿಗೆ ಕೊಡಿ. ಅದೂ ಆಗದಿದ್ದರೆ ಸೋಮವಾರದೊಳಗೆ ಯಾರನ್ನಾದರೂ ಜುಗೂಳಕ್ಕೆ ಕಳಿಸಿ, ಅವಳ ಪ್ರಶ್ನೆಗೆ ಉತ್ತರ ಹೇಳಿಸಿ. ನಾನು ಒಮ್ಮೆ ಹೇಳಿಯಾಗಿದೆ.

ಇಂತಿ,
ತಮ್ಮ ಆದೇಶದಂತೆ ಇಲ್ಲದ ಅಂಚಿನಲ್ಲೇ ಚಲಿಸುತ್ತಿರುವ
ತವನಪ್ಪ, ಜುಗೂಳ