ಅಪ್ಪ ಹಾಡಿದ ಗುಡ್ಡ

ಹನುಮಾನ್ ಘಾಟ್, ವಾರಾಣಸಿ
17 ಫೆಬ್ರವರಿ 2024

ಪ್ರೀತಿಯ ಶಿವಗಂಗಕ್ಕ,

ಈ ಮಾತನ್ನು ಬರೆಯದೆಯೇ ಕಾಗದ ಮುಗಿಸಿಬಿಡುವವಳಿದ್ದೆ: ಅಪ್ಪ ಇನ್ನು ಮಾತಾಡುವುದಿಲ್ಲ, ಹಾಡುವುದೂ ಇಲ್ಲ. ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದಾರೆ. ನೀನು ಫೋನಿನಲ್ಲಿ "ಅಪ್ಪಗ ಕೊಡು" ಎಂದಾಗಲೆಲ್ಲ ಮಲಗಿದ್ದಾರೆ ಎಂದೆ. ತಡಮಾಡಿದ್ದಕ್ಕೆ ಸಿಟ್ಟಾಗಬೇಡ. ಆಸ್ಪತ್ರೆಗೆ ಸೇರುವ ಮೊದಲೇ ನಿನಗೆ ತಿಳಿಸಬೇಡವೆಂದವರು ಅಪ್ಪನೇ: "ಅಕಿ ಮೊಣಕಾಲು ಈಗರ ಆಪರೇಷನ್ ಆಗೇತಿ. ಕೇಳಿದ್ರ ಕುಂಟಕೋತ ಬಂದಾಳು."

ಆಸ್ಪತ್ರೆಗೆ ಹೊರಡುವ ಮುಂಜಾನೆ ನನ್ನನ್ನು ಕರೆದರು. "ಬಣ್ಣ ತಗೊಂಡು ಕೂಡವ್ವಾ. ಇವತ್ತ ನಮ್ಮೂರ ಗುಡ್ಡ ಬರಿ. ನಾ ಹಾಡತೀನಿ."

ಹೊಲ, ಹಳ್ಳ, ಮರ, ಏನು ಬರೆದರೂ ನಾನು ಅವರ ಹಾಡು ಕೇಳುತ್ತಲೇ ಬರೆದವಳು. ಇಲ್ಲಿನ ಮಠದ ಪೂಜೆ ಮುಗಿಸಿ ಬಂದು ಅವರು ತತ್ವಪದ ಎತ್ತಿಕೊಂಡರೆ ಬೇವಿನ ಹೂವಿನ ವಾಸನೆ ಬರುತ್ತಿತ್ತು, ಕಾದ ಕಲ್ಲಿನ ಬಿಸಿ ಅಂಗಾಲಿಗೆ ತಾಗುತ್ತಿತ್ತು. ಬಣ್ಣ ಅದರ ಹಿಂದೆಯೇ ಬರುತ್ತಿತ್ತು. ನಾಲ್ಕು ವರ್ಷದವಳಾಗಿದ್ದಾಗ ಬಿಟ್ಟುಬಂದ ಊರು ನನ್ನೊಳಗೆ ಉಳಿದಿದ್ದು ಅಷ್ಟೇ.

ಆಪರೇಷನ್ ಆದ ಮೇಲೆ ಆ ಚಿತ್ರವನ್ನು ಆಸ್ಪತ್ರೆಯಲ್ಲಿ ಅವರ ಮಂಚದ ಎದುರು ಇಟ್ಟೆ. ನೋಡಲು ಬಂದ ಪಕ್ಕದ ಮನೆಯ ಅಂಬುಜಾಕ್ಷಿಯವರು ನಕ್ಕುಬಿಟ್ಟರು: "ಅರೇ ರೇಖಾ, ಗುಡ್ಡಕ್ಕೂ ಮೆಟ್ಟಿಲು ಕಟ್ಟಿಬಿಟ್ಟಿದ್ದೀಯಲ್ಲೇ! ಕೆಳಗೊಂದು ದೋಣಿ ನಿಲ್ಲಿಸು, ಘಾಟೇ ಆಗೋಯ್ತು."

ಹೌದು ಅಕ್ಕ. ಇಳಿಜಾರು ಪೂರಾ ಮೆಟ್ಟಿಲು ಮೆಟ್ಟಿಲಾಗಿತ್ತು, ಮೇಲೆ ಇಲ್ಲಿನ ಹೊಳೆಯ ಮಂಜು. ಅಪ್ಪ ನಗಲಿಲ್ಲ. ಬಹಳ ಹೊತ್ತು ನೋಡಿ ಗೋಡೆಯ ಕಡೆ ಹೊರಳಿದರು.

ಮನೆಗೆ ಬಂದ ಮೇಲೆ ಮೊಬೈಲಿನಲ್ಲಿದ್ದ ಅವರ ಹಾಡು ಹಚ್ಚಿ ಮತ್ತೆ ಬರೆಯಲು ಕೂತೆ. ಧ್ವನಿ ಕೇಳಿಸಿತು, ವಾಸನೆ ಇಲ್ಲ, ಬಿಸಿ ಇಲ್ಲ. ಅಪ್ಪನೇ ಕೈಸನ್ನೆ ಮಾಡಿ ನಿಲ್ಲಿಸಲು ಹೇಳಿದರು. ಕುಂಚಗಳನ್ನು ತೊಳೆದು ಕಟ್ಟಿಟ್ಟಿದ್ದೇನೆ. ಇಷ್ಟು ವರ್ಷ ನಾನು ಬರೆದದ್ದು ಯಾವ ಊರನ್ನು? ಗುಡ್ಡ ನಿನಗೆ ನೆನಪಿದೆ, ನೀನು ದೊಡ್ಡವಳಿದ್ದೆ. ನನಗೆ ಕೇಳಲು ಧೈರ್ಯವಿಲ್ಲ.

ಭಾವನಿಗೆ ನಮಸ್ಕಾರ. ವರುಣ ಚೆನ್ನಾಗಿ ಓದಲಿ, ನನ್ನ ಆಶೀರ್ವಾದ. ನಿನ್ನ ಕಾಲು ಬೇಗ ನೆಟ್ಟಗಾಗಲಿ.

ನಿನ್ನ
ರೇಖಾ

ಮತ್ತೆ: ಆ ಮುಂಜಾನೆ ಅವರು ಹಾಡುವಾಗ ನನಗೆ ಗುಡ್ಡ ಕಾಣಲೇ ಇಲ್ಲ. ಸಾಲು ಸಾಲಿಗೂ ಕೆಮ್ಮುತ್ತಿದ್ದರು. ನಡುವೆ ನಿಲ್ಲಿಸಿ, "ಕಂಡಿತೇನವ್ವಾ?" ಎಂದರು. ಅವರಿಗೆ ಇನ್ನಷ್ಟು ನೋವಾಗದಿರಲೆಂದು, "ಕಂಡಿತಪ್ಪಾ" ಎಂದೆ. "ಹಂಗಾರ ಸಾಕು" ಎಂದು ಹಾಡು ಬಿಟ್ಟರು. ಕೊನೆಯ ನುಡಿ ಉಳಿದೇ ಹೋಯಿತು.

ಇದನ್ನು ಸೋಮವಾರ, ಫೆಬ್ರವರಿ 19ರಂದು ಅಂಚೆಗೆ ಹಾಕುತ್ತೇನೆ.