ಅಂಚು ಮುಕ್ಕಾದ ಎಂಟಾಣೆ

ಕೈಲಾಂಚ
29-7-2025, ಮಂಗಳವಾರ

ಪ್ರೀತಿಯ ಅಕ್ಕಾ,

ನಿಮ್ಮ ಓರಗಿತ್ತಿ ಪ್ರತಿಮಾ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಕಾಗದ ಹರಿದುಹಾಕಬೇಡಿ. ನಿಮ್ಮ ಮಂಡಿನೋವು ಹೇಗಿದೆ? ಭಾವನವರಿಗೆ ಸಕ್ಕರೆ ಕಾಯಿಲೆಯಂತೆ, ಕೋಡಿಹಳ್ಳಿ ಕಡೆಯವರು ಹೇಳಿದರು. ಅನ್ನ ಕಡಿಮೆ ಮಾಡಿ ಮುದ್ದೆ ಉಣ್ಣಲಿ, ಹಬ್ಬದೂಟಕ್ಕೆ ಅವರು ಬಾಯಿ ಕಟ್ಟುವವರಲ್ಲವೆಂದು ನನಗೆ ಗೊತ್ತಿಲ್ಲವೇ! ಇಲ್ಲಿ ಅತ್ತೆಯ ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಕಾಗದ.

ವಿಷಯ ಆ ಬೆಳ್ಳಿ ಎಂಟಾಣೆಯದು. ಹದಿನೆಂಟು ವರ್ಷದ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅತ್ತೆಗೆ ಜ್ವರ ಬಂದು, ಕಳಶಕ್ಕೆ ಹಾಕುವ ಹಳೆಯ ನಾಣ್ಯಗಳನ್ನು ನೀವು ಹುಣಸೆಹಣ್ಣು ಹಾಕಿ ತೊಳೆದಿರಿ. ನಮ್ಮ ಮನೆಯಲ್ಲಿ ಅವನ್ನು ಯಾರೂ ತೊಳೆಯುತ್ತಿರಲಿಲ್ಲ. ಲಕ್ಷ್ಮಿಗೆ ಹಚ್ಚಿದ ಅರಿಶಿನ ತೆಗೆಯಬಾರದೆಂದು ವರ್ಷವರ್ಷವೂ ಅದರ ಮೇಲೇ ಬಳಿಯುತ್ತಿದ್ದರು. ನೀವು ತೊಳೆದು ಇಟ್ಟಾಗ ಎಂಟಾಣೆಯ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಬೆಳ್ಳಿ ಇರಲಿಲ್ಲ. ಅದೇ ವಾರ ನಿಮ್ಮ ಕಾಲಲ್ಲಿ ಹೊಸ ಕಾಲುಂಗುರ. "ಲಕ್ಷ್ಮೀನ ಕತ್ತರ್ಸಿ ಕಾಲ್ಗಾಕ್ಕೊಂಡವ್ಳೆ" ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. ನೀವು ಭಾವನವರ ಜೊತೆ ಕೋಡಿಹಳ್ಳಿಯ ತವರಿಗೆ ಹೋದವರು ಮತ್ತೆ ಈ ಹೊಸಿಲು ತುಳಿಯಲಿಲ್ಲ.

ಹೋದ ವಾರ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋಗಿದ್ದೆ. ನಮ್ಮ ಗೂಡು ಕೊಂಡು ನೂಲು ತೆಗೆಸುವ ರೀಲರ್ ಇದ್ರೀಸ್ ಸಾಹೇಬರಿಗೆ ಹಳೆ ನಾಣ್ಯದ ಹುಚ್ಚು. ಎಂಟಾಣೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ ಅವರ ಕೈಗಿಟ್ಟೆ. ಭೂತಗನ್ನಡಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದರು. ಆಮೇಲೆ, "ಇದ್ಕೆ ಕತ್ರಿ ಮುಟ್ಟೇ ಇಲ್ಲ ಕಣಮ್ಮ. ಟಂಕಸಾಲೇಲೇ ಹಿಂಗ್ ಹುಟ್ಟೈತೆ" ಎಂದರು. ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ಪೂರಿ ಕತ್ತರಿಸುವಾಗ, ಲೋಟ ಹಿಂದಿನ ತೂತಿನ ಮೇಲೆ ಒಂದಿಷ್ಟು ಕೂತರೆ ಪೂರಿ ಮುಕ್ಕಾಗುತ್ತದಲ್ಲ, ಹಾಗೆ. ಬೆಳ್ಳಿ ತಗಡಿನಿಂದ ಬಿಲ್ಲೆ ಕತ್ತರಿಸುವಾಗಲೇ ಮುಕ್ಕಾಗಿ, ಅಚ್ಚು ಆಮೇಲೆ ಬಿದ್ದಿದೆ. ಮುಕ್ಕಿನ ಪಕ್ಕದ ಅಕ್ಷರ ಎಳೆದಂತೆ ಸಣ್ಣಗಾಗಿದೆ. ಯಾರಾದರೂ ಕತ್ತರಿಸಿದ್ದರೆ ಆ ಅಕ್ಷರ ಅರ್ಧಕ್ಕೇ ತುಂಡಾಗಿರುತ್ತಿತ್ತಂತೆ. ಮುಕ್ಕಿನ ನೇರ ಎದುರಿನ ಅಂಚೂ ಸರಿಯಾಗಿ ಎದ್ದಿಲ್ಲ, ಚಪ್ಪಟೆಯಾಗಿದೆ; ಮುಕ್ಕಾದ ಬಿಲ್ಲೆಯ ಮೇಲೆ ಅಚ್ಚು ಬಿದ್ದರೆ ಮಾತ್ರ ಹಾಗಾಗುತ್ತದಂತೆ. ಕಾಲುಂಗುರ ಮಾಡಿದ ಆಚಾರಿಯ ಆಸಿಡ್ ಬಿದ್ದದ್ದೆಂದು ಅತ್ತೆ ತೋರಿಸುತ್ತಿದ್ದ ಕಪ್ಪು ಕಲೆ ತೇವಕ್ಕೆ ಬೆಳ್ಳಿ ಕಪ್ಪಾದದ್ದು, ಅಷ್ಟೇ. ಇಷ್ಟು ವರ್ಷ ಅರಿಶಿನವೇ ಆ ಮುಕ್ಕನ್ನು ತುಂಬಿ ನಾಣ್ಯವನ್ನು ಗುಂಡಗೆ ತೋರಿಸುತ್ತಿತ್ತು. ನೀವು ಕದಿಯಲಿಲ್ಲ ಅಕ್ಕಾ, ಬರೀ ತೊಳೆದಿರಿ. ನಾನು ಮಾರುಕಟ್ಟೆಯಲ್ಲೇ ಅತ್ತುಬಿಟ್ಟೆ. ಪಾಪ, ಸಾಹೇಬರು ಗಾಬರಿಯಾಗಿ ಟೀ ತರಿಸಿದರು.

ಮನೆಗೆ ಬಂದು ಅತ್ತೆಯ ಬೆರಳು ಹಿಡಿದು ಎರಡೂ ಅಂಚನ್ನು ಸವರಿಸಿದೆ, ಎಲ್ಲ ಬಿಡಿಸಿ ಹೇಳಿದೆ. ಅತ್ತೆ ನಾಣ್ಯವನ್ನು ಕಣ್ಣಿಗೊತ್ತಿಕೊಂಡರು. "ನನ್ ಬಾಯ್ಗೆ ಮಣ್ಣಾಕ. ನಾನ್ ಕಣ್ಮುಚ್ಚೋದ್ರೊಳ್ಗೆ ಅವ್ಳನ್ನ ಕರ್ಕಂಬಾ" ಎಂದು ಅತ್ತರು. ಮುಂದಿನ ವಾರ ಶುಕ್ರವಾರ ಹಬ್ಬ. ಈ ಸಲ ಕಳಶ ಇಡಬೇಕಾದವರು ನೀವು. ನಾನೂ ನಮ್ಮೆಜಮಾನರೂ ಭಾನುವಾರ ಬೈಕಿನಲ್ಲಿ ಕೋಡಿಹಳ್ಳಿಗೆ ಬರುತ್ತೇವೆ.

ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ನಿಮ್ಮ ಕಾಲು ಮುಟ್ಟಿ,

ನಿಮ್ಮ ತಂಗಿ
ಪ್ರತಿಮಾ

ಮ.ಬ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನೀವು ಚನ್ನಪಟ್ಟಣದಲ್ಲಿ ಆಚಾರಿಯ ಕೈಗೆ ಬೆಳ್ಳಿ ಚೂರು ಕೊಡುವುದನ್ನು ಕಂಡೆ ಎಂದು ಆವತ್ತು ಅತ್ತೆಯ ಕಿವಿಗೆ ಹಾಕಿದವಳು ನಾನು. ಬೀಗದಕೈ ನಿಮ್ಮ ಸೊಂಟದಲ್ಲಿತ್ತಲ್ಲ, ಆ ಹೊಟ್ಟೆಕಿಚ್ಚಿಗೆ. ನಾನು ಏನನ್ನೂ ಕಂಡಿರಲಿಲ್ಲ. ಅತ್ತೆಗೆ, ಇವರಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ. ಭಾನುವಾರ ನೀವು ಬಾಗಿಲು ತೆಗೆಯದಿದ್ದರೂ ಜಗಲಿಯ ಮೇಲೆ ಕೂತಿರುತ್ತೇನೆ.